ಕಾಕಾನ ಮೂಗು, ಚಿಗವ್ವನ ಕೈರುಚಿ

ಇವತ್ತು ಮುಂಜಾನೆ ವಿಜಯಪುರದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ನನ್ನ ಮರ್ಯಾದೆ ಸ್ವಲ್ಪ ಹೋಯಿತು. ಹೆಚ್ಚೇನಲ್ಲ, ಒಂದು ಲೋಟದಷ್ಟು. ತಿಕೋಟಾದ ಬಸ್ಸಿಳಿದು, ಚಹಾ ಹೇಳಿ, ಬಂದ ಚಹಾವನ್ನು ನಾಲ್ಕು ಮಂದಿಯಂತೆ ನೇರವಾಗಿ ಬಾಯಿಗಿಡುವುದು ಬಿಟ್ಟು, ಗಾಜಿನ ಲೋಟವನ್ನು ಬುಡದಲ್ಲಿ ಹಿಡಿದು, ಒಳಗಿನದು ಸುತ್ತು ಹಾಕುವಂತೆ ಮೆಲ್ಲಗೆ ತಿರುಗಿಸಿ, ಮೂಗನ್ನು ಲೋಟದ ಬಾಯಿಗೆ ಇಳಿಸಿ, ಕಣ್ಣು ಮುಚ್ಚಿ ಉಸಿರೆಳೆದುಕೊಂಡೆ.

"ಯಾಕ್ರಿ ಸರ, ನೊಣಾ ಬಿದ್ದೈತೇನ್ರಿ?" ಎಂದ ಅಂಗಡಿಯವನು.

"ಇಲ್ಲಪಾ. ಮೊದಲ ಯಾಲಕ್ಕಿ ಬರ್ತೈತಿ, ಹಿಂದಿಂದ ಶುಂಠಿ ಬರ್ತೈತಿ. ಅದನ್ನ ನೋಡಾಕತ್ತಿದ್ದೆ."

ಅವನು ನನ್ನ ಬಿಳಿ ತಲೆಯನ್ನೂ ಹೆಗಲಿನ ಚೀಲವನ್ನೂ ಒಮ್ಮೆ ನೋಡಿ, ಪಕ್ಕದ ಗಿರಾಕಿಯತ್ತ ಹುಬ್ಬು ಹಾರಿಸಿ, ಬಹಳ ಗೌರವದಿಂದ ಹೇಳಿದ: "ಕುಡೀರಿ ಸರ, ಆರತೈತಿ."

ನಿಮಗೂ ಅನುಮಾನ ಬಂದಿರಬಹುದು. ಈ ಚಾಳಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ಘೋಣಸಗಿಯ ಒಂದು ತಗಡಿನ ಶೆಡ್ಡಿನಲ್ಲಿ ಮೂರು ದಿನ ಕುಳಿತು, ದೇಶ ವಿದೇಶದ ವೈನುಗಳನ್ನು ಮೂಸಿ, ನಾಲಿಗೆಯ ಮೇಲೆ ಹೊರಳಿಸಿ, ಉಗುಳಿ, ಒಂದಕ್ಕೊಂದು ಹೋಲಿಸಿ ಕಲಿತದ್ದು. ಗಾಬರಿಯಾಗಬೇಡಿ. ನಾನು ಹುಟ್ಟಾ ಕುಡಿಯದವನು. ಕೆಮ್ಮಿನ ಔಷಧ ಕುಡಿದರೂ ಬಾಗಿಲ ಕಡೆ ನೋಡುವ ಮನೆತನ ನಮ್ಮದು. ಆದರೂ ಆ ದಿನಗಳಾದ ಮೇಲೆ ನಮ್ಮ ಓಣಿಯಲ್ಲಿ ನನ್ನ ಹೆಸರಿನ ಹಿಂದೆ ಏನೇನೋ ಸೇರಿಕೊಂಡಿತು. ನಿವೃತ್ತ ಕನ್ನಡ ಅಧ್ಯಾಪಕನಿಗೆ ಬೇರೆ ಬಿರುದು ಯಾರು ಕೊಡುತ್ತಾರೆ ಎಂದು ನಾನೂ ಸುಮ್ಮನಿದ್ದೆ.

ಎಲ್ಲ ಶುರುವಾದದ್ದು ಮಲ್ಲೂನಿಂದ. ಮಲ್ಲೂ ನಮ್ಮ ಕಾಕಾನ ಮಗ, ನನಗೆ ತಮ್ಮನಾಗಬೇಕು. ತಿಕೋಟಾದ ಆಚೆ ಘೋಣಸಗಿಯಲ್ಲಿ ಅವರ ದ್ರಾಕ್ಷಿ ತೋಟ. ತಿನ್ನುವ ದ್ರಾಕ್ಷಿ, ಒಣಗಿಸಿದರೆ ಒಣದ್ರಾಕ್ಷಿ. ನಮ್ಮ ಕಡೆ ಯಾರ ತೋಟಕ್ಕೆ ಹೋದರೂ ಇದೇ ಕಥೆ. ಮಲ್ಲೂಗೆ ಬೇರೆ ಕಥೆ ಬೇಕೆನಿಸಿತು. ಅರ್ಧ ತೋಟದ ಬಳ್ಳಿ ತೆಗೆದು ವೈನಿನ ದ್ರಾಕ್ಷಿ ಹಚ್ಚುತ್ತೇನೆ ಎಂದ. ಹೇಳಿದ್ದು ಯಾರ ಮುಂದೆ? ಕಾಕಾನ ಮುಂದೆ. ಪ್ರಾಯದಲ್ಲಿ ಊರ ಮಂದಿಯನ್ನು ಕಟ್ಟಿಕೊಂಡು ಸಾರಾಯಿ ಅಂಗಡಿಯ ಬಾಗಿಲು ಹಾಕಿಸಿದ, ಹಣೆಯ ವಿಭೂತಿ ಒಂದು ದಿನವೂ ಅಳಿಸದ ಕಾಕಾನ ಮುಂದೆ! ಭೂಮಿ ಕಾಕಾನ ಹೆಸರಿನಲ್ಲಿತ್ತು. ಬಳ್ಳಿಗಳನ್ನು ಹಚ್ಚಿದ್ದೂ ಕಾಕಾನ ಕೈಯೇ.

ಮನೆಯಲ್ಲಿ ಬಿರುಗಾಳಿ ಏಳುತ್ತದೆ ಎಂದು ಎಲ್ಲರೂ ಕಾದರು. ಕಾಕಾ ಊಟ ಮುಗಿಸಿ, ಕೈ ತೊಳೆದು, ಒಂದು ಮಾತು ಹೇಳಿದನಂತೆ: "ಅದರ ರುಚಿ ಏನು, ವಾಸನಿ ಏನು, ಒಂದಕ್ಕೊಂದಕ್ಕ ಫರಕ ಏನು, ನನಗ ಕನ್ನಡದಾಗ ತಿಳಿಸಿ ಹೇಳ್ರಿ. ತಿಳಿದ್ರ ಬಳ್ಳಿ ಕೀಳ್ರಿ. ತಿಳೀಲಿಲ್ಲಂದ್ರ ಮಾತ ಮುಗೀತು. ಮತ್ತ ಕುಡದು ಹೇಳೂದಲ್ಲ. ಕುಡದವರ ಮಾತು ನಾ ಭಾಳ ಕೇಳೇನಿ. ಬಾಯಾಗ ಹಾಕ್ಕೊಂಡು ಉಗುಳಿ ಹೇಳ್ರಿ."

ಮರುದಿನವೇ ಮಲ್ಲೂನ ಫೋನು ಬಂತು. "ಅಣ್ಣಾ, ನೀ ಬರಬೇಕು."

"ನಾ ಬಂದು ಏನ್ ಮಾಡ್ಲೋ? ನನಗ ವೈನ್ ಅಂದ್ರ ಏನಂತ ಗೊತ್ತಿಲ್ಲ."

"ವೈನ್ ಗೊತ್ತಿದ್ದವ್ರು ಬ್ಯಾರೆ ಅದಾರ. ನಿಂಗ ಕನ್ನಡ ಬರ್ತೈತಲ್ಲ, ಅಷ್ಟ ಸಾಕು. ಅಪ್ಪಗ ತಿಳಿಸಿ ಹೇಳಾವ ಒಬ್ಬಾಂವ ಬೇಕಾಗ್ಯಾನ."

ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿದ್ದೇನೆ. 'ನಿಂಗ ಕನ್ನಡ ಬರ್ತೈತಲ್ಲ, ಬಾ' ಎಂದು ಯಾರೂ ಕರೆದಿರಲಿಲ್ಲ. ಹೆಂಡತಿಗೆ "ಕಾಕಾಗ ಮೈಯಾಗ ಹುಷಾರಿಲ್ಲಂತ" ಎಂದು ಸುಳ್ಳು ಹೇಳಿ ಹೊರಟೆ. ಆ ಸುಳ್ಳು ಎಷ್ಟು ನಿಜವೆಂದು ಆಗ ನನಗೂ ಗೊತ್ತಿರಲಿಲ್ಲ.

ಮನೆಯ ಹೊಸ್ತಿಲೊಳಗೆ ಬಾಟಲಿ ಬರಬಾರದೆಂದು ಕಾಕಾನ ಕಟ್ಟಪ್ಪಣೆ. ಆದ್ದರಿಂದ ತೋಟದ ಒಣದ್ರಾಕ್ಷಿಯ ಶೆಡ್ಡಿನಲ್ಲಿ ವ್ಯವಸ್ಥೆ. ಒಣದ್ರಾಕ್ಷಿಯ ಸುಗ್ಗಿ ಇನ್ನೂ ಶುರುವಾಗದ ದಿನಗಳವು; ದ್ರಾಕ್ಷಿ ಹರಡುವ ಜಾಳಿಗೆಗಳು ಅಂತಸ್ತಿನ ಮೇಲೆ ಅಂತಸ್ತು ಖಾಲಿ ಬಿದ್ದಿದ್ದವು. ನಡುವೆ ಒಂದು ಉದ್ದನೆಯ ಮೇಜು, ಮೇಲೆ ಬಿಳಿ ಧೋತರ, ಅದರ ಮೇಲೆ ಸಾಲಾಗಿ ಬಾಟಲಿಗಳು. ಅವನ್ನು ತಂದವಳು ವಿದ್ಯಾ. ಬಬಲೇಶ್ವರದ ಹುಡುಗಿ, ನಾಸಿಕದ ಕಡೆ ವೈನ್ ಮಾಡುವ ಕೆಲಸದಲ್ಲಿ ಕೆಲವು ವರ್ಷ ಇದ್ದು ಬಂದವಳು. ನಾಸಿಕದ್ದು, ನಮ್ಮದೇ ಜಿಲ್ಲೆಯದು, ಬೆಂಗಳೂರಿನ ಆಚೆಯ ಬೆಟ್ಟದ ಸೀಮೆಯದು, ಫ್ರಾನ್ಸು ಇಟಲಿಯದು ಎಂದು ತೋರಿಸುತ್ತ ಹೋದಳು. ನನಗೆ ಎಲ್ಲವೂ ಬೀಗರ ಮನೆಯ ಮಂದಿಯಂತೆ ಕಂಡವು. ಮುಖ ಒಂದೇ ತರಹ, ಹೆಸರು ಮಾತ್ರ ನೆನಪಿನಲ್ಲಿಡಬೇಕು.

ಉಗುಳುವುದಕ್ಕೆ ಹಿತ್ತಾಳೆಯ ಪೀಕದಾನಿ ತಂದುಕೊಟ್ಟವರು ದಸ್ತಗೀರ ಕಾಕಾ. ಇವರು ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ, ನಮ್ಮ ಕಾಕಾನ ಬಾಲ್ಯದ ಗೆಳೆಯ. "ನಮ್ಮ ಅಜ್ಜಾಂದಿದು. ಎಲಿ ಅಡಿಕಿ ಕಂಡಿದ್ದ ಪೀಕದಾನಿ. ಇನ್ನ ನಿಮ್ಮ ಕೈಯಾಗ ಏನೇನು ಕಾಣಬೇಕೋ," ಎಂದರು. ಅವರೂ ಕುಡಿಯುವವರಲ್ಲ. ಇಬ್ಬರು ಮುದುಕರೂ ಶೆಡ್ಡಿನ ಬಾಗಿಲಲ್ಲಿ ಎರಡು ಕುರ್ಚಿ ಹಾಕಿಸಿಕೊಂಡು ಕಾವಲಿಗೆ ಕುಳಿತರು. ವಿದ್ಯಾ ಕೇಳಿದಳು: "ಕಾಕಾರ, ಬಾಯಿಗಿ ಇಡಬ್ಯಾಡ್ರಿ, ಬರೇ ಮೂಸಿ ನೋಡ್ತೀರೇನ್ರಿ?" ಕಾಕಾ ಗೆಳೆಯನ ಮುಖ ನೋಡಿ, "ಮೂಸಾಕ ಏನ್ ಪಾಪಾ ಐತಿ? ತಾ," ಎಂದ.

ವಿದ್ಯಾ ಮೊದಲು ಪಾಠ ಮಾಡಿದಳು. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಇಂಥವು ನಾಲ್ಕಾರು ಮಾತ್ರ; ನಾವು ರುಚಿ ರುಚಿ ಎನ್ನುವುದರಲ್ಲಿ ಬಹುಪಾಲು ಮೂಗಿನ ಕೆಲಸ. ಇನ್ನು ಖಾರವೂ ಒಗರೂ ರುಚಿಯೇ ಅಲ್ಲ, ಅವು ಬಾಯಿಗೆ ಆಗುವ ಸ್ಪರ್ಶ. ಖಾರವೆಂದರೆ ಚುಚ್ಚುವುದು, ಒಗರೆಂದರೆ ನಾಲಿಗೆ ಒಸಡುಗಳನ್ನು ಹಿಡಿದು ಎಳೆಯುವುದು. ಷಡ್ರಸಗಳ ಬಗ್ಗೆ ನಾನು ಮಾಡಿದ ಪಾಠಗಳೆಲ್ಲ ನೆನಪಾಗಿ ಸ್ವಲ್ಪ ಮುಜುಗರವಾಯಿತು. ಕಾಕಾ ಮಾತ್ರ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, "ಅಂದ್ರ ಮೂಗ ಇಲ್ಲಂದ್ರ ನಾಲಗಿ ಅರ್ಧಾ ಕುಡ್ಡ ಅನ್ನು," ಎಂದು ಕೇಳಿದ. "ಅರ್ಧಕ್ಕಿಂತ ಜಾಸ್ತಿನ ರಿ," ಎಂದಳು ವಿದ್ಯಾ. ಕಾಕಾ ಕುರ್ಚಿಯನ್ನು ಮೊದಲಿದ್ದಲ್ಲಿಗೆ ಸರಿಸಿಕೊಂಡ.

ಮೊದಲ ದಿನ ನನ್ನಿಂದ ದೊಡ್ಡ ಶಾಸ್ತ್ರಭಂಗವಾಯಿತು. ಬಾಯಿಗೆ ಹಾಕಿಕೊಂಡದ್ದನ್ನು ಉಗುಳುವುದೆಂದರೆ ನನಗೆ ಅನ್ನ ಚೆಲ್ಲಿದಂತೆ. ಒಂದೆರಡು ಗುಟುಕು ಹೇಗೋ ಗಂಟಲಿಳಿದವು. ಅವುಗಳ ಹಿಂದೆ ಇನ್ನೊಂದೆರಡು ತಾವಾಗಿಯೇ ದಾರಿ ಹುಡುಕಿಕೊಂಡವು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಮಲ್ಲೂ ಹೇಳುವ ಪ್ರಕಾರ ನಾನು ತೋಟದ ಸಾಲಿನಲ್ಲಿ ನಿಂತು ದ್ರಾಕ್ಷಿ ಬಳ್ಳಿಗಳಿಗೆ ಲೋಪಸಂಧಿ ಆಗಮಸಂಧಿಗಳ ಪಾಠ ಮಾಡಿದೆನಂತೆ; ಒಂದು ಬಳ್ಳಿಗೆ, "ನೀ ಹಿಂದಿನ ಬೆಂಚಿನಾಗ ಕುಂತು ಮಾತಾಡಬ್ಯಾಡ," ಎಂದು ಗದರಿದೆನಂತೆ. ದಸ್ತಗೀರ ಕಾಕಾ ಪೀಕದಾನಿಯನ್ನು ನನ್ನ ಎದೆಗೆ ತಾಗುವಂತೆ ತಂದಿಟ್ಟು, "ಮಾಸ್ತರ, ನಾಳಿಂದ ಇದನ್ನ ಕೊಳ್ಳಾಗ ಕಟಗೋ," ಎಂದರು.

ಮರುದಿನದಿಂದ ಶಿಸ್ತಾಗಿ ಉಗುಳಿದೆ. ಆದರೆ ಆಗ ನಿಜವಾದ ಕಷ್ಟ ಶುರುವಾಯಿತು, ಮಾತಿನ ಕಷ್ಟ. ವಿದ್ಯಾಳ ಬಳಿ ಒಂದು ಮುದ್ರಿತ ಹಾಳೆ ಇತ್ತು. ಯಾವ ವೈನಿನಲ್ಲಿ ಯಾವ ಪರಿಮಳ ಹುಡುಕಬೇಕೆಂದು ಅದರಲ್ಲಿ ಹೇಳಿತ್ತು. ಅದರಲ್ಲಿದ್ದ ಹಣ್ಣುಗಳಲ್ಲಿ ಅರ್ಧವನ್ನು ನಾವು ಚಿತ್ರದಲ್ಲಷ್ಟೇ ಕಂಡಿದ್ದೆವು. ಕಾಣದ ಹಣ್ಣನ್ನು ಮೂಗಿನಿಂದ ಹುಡುಕುವುದು ಹೇಗೆ? ಕಾಕಾನೇ ಹಾಳೆಯನ್ನು ಬದಿಗಿಡಿಸಿದ. "ಅದನ್ನ ಬಿಡ್ರಿ. ನಿಮಗ ಏನ್ ನೆನಪಾಗತೈತಿ ಅದನ್ನ ಹೇಳ್ರಿ."

ಹಾಗೆ ಶುರುವಾಯಿತು ನೋಡಿ. ಒಂದು ಬಿಳಿ ವೈನು ಪೇರಲ ಹಣ್ಣಿನ ಬುಟ್ಟಿಯ ಹತ್ತಿರ ನಿಂತಂತಿತ್ತು. ಇನ್ನೊಂದು, ಆಗತಾನೇ ಹೆಚ್ಚಿದ ಡೊಣ್ಣಮೆಣಸಿನಕಾಯಿ. ಶಿರಾಜ್ ಎಂಬ ಕೆಂಪು ವೈನಿನಲ್ಲಿ ಕುಟ್ಟಿದ ಕರಿಮೆಣಸು ನನಗೇ ಮೊದಲು ಸಿಕ್ಕಿತು. ಸಿಕ್ಕಾಗ ಸಂಶೋಧನೆ ಮಾಡಿದವನಂತೆ ಎದ್ದು ನಿಂತೆ. ಕ್ಯಾಬರ್ನೆ ಎನ್ನುವುದನ್ನು ಮೂಸಿ ಮಲ್ಲೂ, "ಸಾಲ್ಯಾಗ ಪೆನ್ಸಿಲ್ ಕೆತ್ತಿ ಮೂಸಿದಂಗ ಐತಿ," ಎಂದ. ವಿದ್ಯಾ ಚಪ್ಪಾಳೆ ತಟ್ಟಿದಳು. ಹಳೆಯ ಇಟಲಿಯದೊಂದಕ್ಕೆ ದಸ್ತಗೀರ ಕಾಕಾ ಮೂಗು ತಾಗಿಸಿ, "ಇದು ಚಪ್ಪಲಿ ಅಂಗಡಿ. ಹೊಸಾ ಚಪ್ಪಲಿ, ಮತ್ತ ಬಾಜೂಕ ಯಾರೋ ಹುಣಸಿಹಣ್ಣ ಕುಟ್ಟಾಕತ್ಯಾರ," ಎಂದು ತೀರ್ಪು ಕೊಟ್ಟರು. ಘಾಟು, ಸೊಗಡು, ಕಮಟು, ಘಮಲು, ಕನರು... ಎಷ್ಟೋ ವರ್ಷದಿಂದ ನಿಘಂಟಿನಲ್ಲಿ ಮಲಗಿದ್ದ ಮಾತುಗಳು ಒಂದೊಂದಾಗಿ ಎದ್ದು ಬಂದು ಮೇಜಿನ ಸುತ್ತ ಕುಳಿತಂತಾಯಿತು.

ಕಾಕಾ ಎಲ್ಲ ಲೋಟಗಳನ್ನೂ ಮೂಸಿದ. ನ್ಯಾಯಾಧೀಶನ ಮುಖ. ನಾವು ಹಿಗ್ಗಿದ್ದಕ್ಕೆ "ಛಲೋ ಐತಿ" ಎಂದ, ಮುಖ ಹಿಂಡಿದ್ದಕ್ಕೆ "ನಡಿಯಂಗಿಲ್ಲ" ಎಂದ. ಅದಕ್ಕಿಂತ ಹೆಚ್ಚು ಒಂದು ಅಕ್ಷರ ಹೇಳಲಿಲ್ಲ. ಆದರೆ ನಾವು ಹೇಳಿದ್ದನ್ನು ಬಿಡದೆ ಕೇಳುತ್ತಿದ್ದ. "ಕರಿಮೆಣಸು ಅಂದ್ರ ಹ್ಯಾಂಗ? ಕುಟ್ಟಿದ್ದೋ, ಹುರದು ಕುಟ್ಟಿದ್ದೋ?" "ಪೇರಲಹಣ್ಣ ಕಾಯೋ, ಹಣ್ಣೋ? ಸರಿಯಾಗಿ ಹೇಳೋ ಮಾಸ್ತರ." ಮುದುಕನಿಗೆ ಎಂಥ ಹಠ ಎಂದು ನಾನು ಒಳಗೊಳಗೇ ನಕ್ಕೆ. ಹಠವಲ್ಲ ಅದು, ಹಸಿವು ಎಂದು ತಿಳಿಯುವಷ್ಟು ಮೂಗು ನನಗೂ ಇರಲಿಲ್ಲ.

ಇಲ್ಲಿ ಚಿಗವ್ವನ ವಿಷಯ ಹೇಳಬೇಕು. ಚಿಗವ್ವ ಕಾಕಾನ ಹೆಂಡತಿ. ಆಕೆಯ ಕೈರುಚಿಯ ಬಗ್ಗೆ ನಮ್ಮ ಬಳಗದಲ್ಲಿ ಎರಡು ಮಾತಿರಲಿಲ್ಲ. ಚಿಕ್ಕವನಿದ್ದಾಗ ರಜೆಗೆ ಹೋದರೆ ನಾನು ನೋಡುತ್ತಿದ್ದುದು ಒಂದು ದಿನನಿತ್ಯದ ನಾಟಕ. ಕಾಕಾ ಹೊಲದಿಂದ ಬರುತ್ತಿದ್ದವನು ಇನ್ನೂ ಬಾವಿಯ ಹತ್ತಿರ ಇರುವಾಗಲೇ ನಿಂತು, ಗಾಳಿ ಮೂಸಿ, "ಇವತ್ತ ಎಣ್ಣಿಗಾಯಿ! ಗುರೆಳ್ಳ ಹೆಚ್ಚಾಗೇತಿ!" ಎಂದು ಕೂಗುತ್ತಿದ್ದ. ಚಿಗವ್ವ ಒಲೆಯ ಮುಂದಿನಿಂದ, "ಬಂದು ಉಂಡು ಹೇಳ್ರಿ, ಹಾದ್ಯಾಗ ನಿಂತ ಡಂಗುರ ಸಾರಬ್ಯಾಡ್ರಿ," ಎನ್ನುತ್ತಿದ್ದಳು. ಅವರಿಬ್ಬರ ಪ್ರೀತಿಯೆಲ್ಲ ಬಾವಿಗೂ ಒಲೆಗೂ ನಡುವಿನ ಆ ಗಾಳಿಯಲ್ಲೇ ಓಡಾಡುತ್ತಿತ್ತು.

ಈ ಸಲ ಹೋದಾಗ ನೋಡುತ್ತೇನೆ, ಚಿಗವ್ವ ಅಡುಗೆ ಮನೆ ಬಿಟ್ಟಿದ್ದಾಳೆ. ಒಲೆ ಸೊಸೆಯ ಕೈಗೆ ಹೋಗಿದೆ. ಕೇಳಿದರೆ, "ವಯಸ್ಸಾತಲ್ಲೋ ಯಪ್ಪಾ. ಕೈಯಾಗ ಮೊದಲಿನ ರುಚಿ ಉಳಿದಿಲ್ಲ," ಎಂದಳು. "ಯಾರ ಹೇಳಿದ್ರು?" ಎಂದೆ. "ಯಾರೂ ಹೇಳಿಲ್ಲ. ಅದಕ್ಕ ಗೊತ್ತಾತು," ಎಂದು ಎದ್ದು ಹೋದಳು. ಒಗಟಿನಂಥ ಆ ಮಾತನ್ನು ನಾನು ಬಿಡಿಸುವ ಗೋಜಿಗೆ ಹೋಗಲಿಲ್ಲ. ನನ್ನ ತಲೆಯಲ್ಲಿ ಪೇರಲ, ಕರಿಮೆಣಸು, ಚಪ್ಪಲಿ ತುಂಬಿಕೊಂಡಿದ್ದವು.

ಮೂರನೆಯ ದಿನ ಮಧ್ಯಾಹ್ನ ದಸ್ತಗೀರ ಕಾಕಾ ಒಂದು ಹೊಸ ಕಾನೂನು ತಂದರು. "ಎಲ್ಲಾರೂ ಮೂಸಿ ಮುಗಿಸಿದ ಮ್ಯಾಲ ಹಿರಿ ಮನಷ್ಯಾಗ ಕೊಡ್ತೀರಿ. ಇದ್ಯಾವ ಪದ್ಧತಿ? ಗೌಡಾಗ ಮೊದಲ ಕೊಡ್ರಿ." ಅವರು ನಮ್ಮ ಕಾಕಾನನ್ನು ಗೌಡಾ ಎಂದೇ ಕರೆಯುವುದು. ಕಾಕಾ, "ನಡೀತೈತಿ ಬಿಡೋ, ಅವ್ರ ನೋಡ್ಲಿ," ಎಂದು ತಪ್ಪಿಸಿಕೊಳ್ಳಲು ನೋಡಿದ. ವಿದ್ಯಾ ಆಗಲೇ ಹೊಸ ಬಾಟಲಿಯ ಬಿರಡೆ ತೆಗೆದು, ಬಗ್ಗಿಸಿ, ಲೋಟವನ್ನು ಅವನ ಕೈಗೆ ಕೊಟ್ಟುಬಿಟ್ಟಿದ್ದಳು.

ಕಾಕಾ ಲೋಟ ತಿರುಗಿಸಿದ. ಮೂಗು ಇಳಿಸಿ ಎದೆ ತುಂಬ ಉಸಿರೆಳೆದುಕೊಂಡ. ನಮ್ಮೆಲ್ಲರ ಮುಖಗಳನ್ನು ಒಂದು ಸುತ್ತು ನೋಡಿದ. ನಾವೆಲ್ಲ ಅವನ ಮುಖವನ್ನೇ ನೋಡುತ್ತಿದ್ದೆವು. ಆಮೇಲೆ ಗಟ್ಟಿಯಾಗಿ ಹೇಳಿದ: "ಛಲೋ ಐತಿ. ಎಲ್ಲಾದಕ್ಕಿಂತ ಇದ ಛಲೋ. ಇದನ್ನ ಹಚ್ಚೂಣು."

ಲೋಟ ದಸ್ತಗೀರ ಕಾಕಾರ ಕೈಗೆ ಹೋಯಿತು. ಅವರು ಮೂಗಿನ ಹತ್ತಿರ ತಂದವರೇ "ಯಾ ಅಲ್ಲಾ!" ಎಂದು ಕುರ್ಚಿ ಬೀಳಿಸಿಕೊಂಡು ಎದ್ದರು. ಮಲ್ಲೂ ಮೂಸಿ ಶೆಡ್ಡಿನ ಹೊರಗೆ ಓಡಿದ. ನನ್ನ ಸರದಿ ಬರುವ ಮೊದಲೇ ವಾಸನೆ ತಾನೇ ನನ್ನ ಹತ್ತಿರ ಬಂತು. ಕೊಳೆತ ತತ್ತಿಯನ್ನು ಗಟಾರಿನಲ್ಲಿ ನೆನೆಹಾಕಿದರೆ ಹೇಗೋ ಹಾಗೆ. "ಕೆಟ್ಟೈತ್ರಿ, ಬಾಟ್ಲಿನ ಕೆಟ್ಟೈತಿ," ಎಂದು ವಿದ್ಯಾ ಮೂಗು ಮುಚ್ಚಿಕೊಂಡಳು.

ಎಲ್ಲರೂ ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಗೌಡಾ, ಇದನ್ನ ಹಚ್ಚಿದ್ರ ಊರ ಬಿಡಬೇಕಾಗತೈತಲೇ!" ಎಂದರು ದಸ್ತಗೀರ ಕಾಕಾ. ಕಾಕಾ ತಾನೂ ನಕ್ಕ. ಮಜ್ಜಿಗೆಯ ಚರಿಗೆ ಹಿಡಿದುಕೊಂಡು ಆಗಷ್ಟೇ ಬಾಗಿಲಿಗೆ ಬಂದ ಚಿಗವ್ವನೂ ನಗುತ್ತಿದ್ದಳು. ಎಲ್ಲರಿಗಿಂತ ಮೊದಲು ನಗು ನಿಲ್ಲಿಸಿದವಳೂ ಅವಳೇ.

ಚರಿಗೆ ಕೆಳಗಿಟ್ಟಳು. ಮೂರು ದಿನದಲ್ಲಿ ಮೊದಲ ಸಲ ಶೆಡ್ಡಿನೊಳಗೆ ಬಂದಳು. ಆ ಲೋಟ ಎತ್ತಿ ಮೂಸಿ, ಸೆರಗಿನಿಂದ ಮೂಗೊರೆಸಿಕೊಂಡು, ಕಾಕಾನ ಮುಖವನ್ನೇ ನೋಡಿದಳು.

"ನಿಮಗ ವಾಸನಿ ಬರಂಗಿಲ್ಲೇನು?"

"ಯಾಕ ಬರಂಗಿಲ್ಲ? ನೆಗಡಿ ಆಗೇತಿ."

ಚಿಗವ್ವ ಮನೆಯ ಕಡೆ ನಡೆದಳು. ತಿರುಗಿ ಬಂದಾಗ ಮುಷ್ಟಿಯಲ್ಲಿ ಏನೋ ಇತ್ತು. "ಕಣ್ಣ ಮುಚ್ಚರಿ," ಎಂದಳು. ಕಾಕಾ ಮುಚ್ಚಿದ. ಅಷ್ಟು ವಿಧೇಯನಾಗಿ ಕಾಕಾ ಕಣ್ಣು ಮುಚ್ಚಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅವಳು ಮುಷ್ಟಿ ಬಿಚ್ಚಿ ಅವನ ಮೂಗಿನ ಕೆಳಗೆ ಹಿಡಿದಳು. ಇಂಗು! ನಾಲ್ಕು ಮಾರು ದೂರದಲ್ಲಿದ್ದ ನನ್ನ ಮೂಗಿಗೂ ಬಡಿಯಿತು.

"ಇದೇನು ಹೇಳ್ರಿ."

ಕಾಕಾ ಎರಡು ಸಲ ಉಸಿರೆಳೆದುಕೊಂಡ. ಆಮೇಲೆ ಮೆಲ್ಲಗೆ, ಪರೀಕ್ಷೆಯಲ್ಲಿ ಊಹೆ ಮಾಡಿ ಬರೆಯುವ ಹುಡುಗನಂತೆ, "ಬೆಲ್ಲಾ?" ಎಂದ.

ಯಾರೂ ನಗಲಿಲ್ಲ. ಕೊರೋನಾದ ವರ್ಷ ಕಾಕಾನಿಗೆ ಜ್ವರ ಬಂದು ಹೋಗಿತ್ತು. ಜೀವ ಉಳಿಯಿತಲ್ಲ ಎಂದು ಎಲ್ಲರೂ ದೇವರಿಗೆ ಕೈ ಮುಗಿದಿದ್ದೆವು. ಜ್ವರ ಹೋಗುವಾಗ ಏನನ್ನು ಕಟ್ಟಿಕೊಂಡು ಹೋಯಿತು ಎಂದು ಯಾರೂ ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ. ಅಂದಿನಿಂದ ಊಟಕ್ಕೆ ಕುಳಿತರೆ ತಟ್ಟೆ ನೋಡಿ ಉಂಡು ಎದ್ದು ಹೋಗುತ್ತಿದ್ದ. ಹೊಗಳಿಕೆ ಇಲ್ಲ, ತಕರಾರಿಲ್ಲ. ಬಾವಿಯ ಹತ್ತಿರ ನಿಂತು ಕೂಗುವುದಂತೂ ಇಲ್ಲವೇ ಇಲ್ಲ. ಚಿಗವ್ವ ಮೊದಲು ಸಿಟ್ಟೆಂದುಕೊಂಡಳು, ಆಮೇಲೆ ಬೇಸರವೆಂದುಕೊಂಡಳು, ಕೊನೆಗೆ ತನ್ನ ಕೈಯೇ ಕೆಟ್ಟಿತೆಂದು ತೀರ್ಮಾನಿಸಿ ಸವುಟನ್ನು ಸೊಸೆಗೆ ಒಪ್ಪಿಸಿದಳು.

ಇದನ್ನೆಲ್ಲ ಅವಳು ಅಲ್ಲಿಯೇ, ಬಾಟಲಿಗಳ ನಡುವೆ ನಿಂತು ಹೇಳಿದಳು. ಅಳುತ್ತ ಹೇಳಿದಳೆಂದರೆ ನಿಮಗೆ ತಪ್ಪು ಚಿತ್ರ ಕೊಟ್ಟಂತಾಗುತ್ತದೆ. ಬೈಯುತ್ತ ಹೇಳಿದಳು. "ನನ್ನ ಕೈ ಸತ್ತೈತಿ ಅಂತ ತಿಳದು ಇಷ್ಟ ದಿನಾ ಒಲಿ ಬಿಟ್ಟ ಕುಂತೆ. ಸತ್ತದ್ದು ನಿಮ್ಮ ಮೂಗು! ಹೇಳಾಕ ನಿಮಗ ಬಾಯೂ ಸತ್ತಿತ್ತೇನು?"

ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ಹೇಳಿದ್ರ ನಿನಗ ಅಡಗಿ ಮಾಡಾಕ ಮನಸ ಬರ್ತಿದ್ದಿಲ್ಲ. ಮಣ್ಣ ತಿನ್ನಾವಗ ಏನ್ ಮಾಡಿ ಹಾಕಿದ್ರೇನು ಅಂತ ಅನ್ನಸ್ತಿತ್ತು. ಅದಕ್ಕ ಸುಮ್ಮನಿದ್ದೆ."

"ಸುಮ್ಮನಿದ್ದು ಏನ್ ಉಳಿಸಿದ್ರಿ?"

ದಸ್ತಗೀರ ಕಾಕಾ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, "ಕುಂದರು ತಂಗಿ," ಎಂದರು. ಚಿಗವ್ವ ಕುಳಿತಳು. ಯಾರಿಗೋ ತಂದ ಮಜ್ಜಿಗೆಯನ್ನು ತಾನೇ ಗಟಗಟ ಕುಡಿದಳು.

ಮರುದಿನ ಮುಂಜಾನೆ ಸೊಸೆಯ ಕೈಯಿಂದ ಸವುಟು ತಿರುಗಿ ಚಿಗವ್ವನ ಕೈಗೆ ಬಂತು. ಸೊಸೆ ದೀರ್ಘ ಉಸಿರು ಬಿಟ್ಟದ್ದನ್ನು ನಾನು ಕೇಳಿಸಿಕೊಂಡೆ, ಅದು ನೆಮ್ಮದಿಯದು. ಅಡುಗೆಯ ರೀತಿಯೂ ಬದಲಾಯಿತು. ವಿದ್ಯಾ ಮೊದಲ ದಿನ ಹೇಳಿದ ಪಾಠವನ್ನು ಯಾರಿಂದಲೋ ಹೇಳಿಸಿಕೊಂಡ ಚಿಗವ್ವ ಅದನ್ನು ನೇರವಾಗಿ ಒಲೆಗೆ ಹಾಕಿದಳು. ಮೂಗು ಹೋದರೇನು, ಖಾರ ಚುಚ್ಚುತ್ತದೆಯಲ್ಲ! ಕಟಿರೊಟ್ಟಿ ಕಟಕಟ ಎನ್ನುತ್ತದೆ, ಮೊಸರು ತಣ್ಣಗಿದೆ, ಸವತೆಕಾಯಿ ಹಲ್ಲಿಗೆ ಸಿಗುತ್ತದೆ, ಹಸಿಮೆಣಸಿನಕಾಯಿಯ ಖಾರಬ್ಯಾಳಿ ಕಿವಿಯಲ್ಲಿ ಹೊಗೆ ಬರಿಸುತ್ತದೆ. ಕಾಕಾ ಬೆವರು ಒರೆಸಿಕೊಳ್ಳುತ್ತ ಉಂಡ. ಜೊತೆಗೆ ಕುಳಿತ ನಮ್ಮ ಪಾಡು ಯಾರೂ ಕೇಳಲಿಲ್ಲ. ನಮ್ಮ ಮೂಗು ನಾಲಿಗೆ ಎರಡೂ ಗಟ್ಟಿಯಿದ್ದವು, ಪಾಪ.

ಅಂದು ವಿದ್ಯಾ ನಮ್ಮನ್ನೆಲ್ಲ ಬಬಲೇಶ್ವರದ ಹತ್ತಿರದ ಜೈನಾಪುರಕ್ಕೆ ಕರೆದುಕೊಂಡು ಹೋದಳು. ಅಲ್ಲೊಬ್ಬರು ರೈತರು ವೈನಿನ ದ್ರಾಕ್ಷಿಯನ್ನು ಬೇರೆ ಬೇರೆ ಸಾಲಿನಲ್ಲಿ ಹಚ್ಚಿದ್ದರು. ಸಣ್ಣ ಸಣ್ಣ ಕಾಯಿ, ಕಪ್ಪು, ಒಳಗೆ ಬೀಜ. ನಮ್ಮ ತಿನ್ನುವ ದ್ರಾಕ್ಷಿಯ ಮುಂದೆ ಬಡ ನೆಂಟರಂತೆ ಕಾಣುತ್ತಿದ್ದವು. "ಕಾಕಾರ, ಇದನ್ನ ಸಿಪ್ಪಿ ಬೀಜ ಸಮೇತ ಅಗದು ನೋಡ್ರಿ," ಎಂದಳು ವಿದ್ಯಾ. "ಹಣ್ಣ ತಿನ್ನಾಕ ಯಾವ ವ್ರತಾನೂ ಅಡ್ಡ ಬರಂಗಿಲ್ಲಲ್ರಿ."

ಕಾಕಾ ಒಂದು ಸಾಲಿನ ಹಣ್ಣು ಅಗಿದ. ಇನ್ನೊಂದು ಸಾಲಿಗೆ ಹೋಗಿ ಅಗಿದ. ನಿಂತ. ಮೊದಲಿನ ಸಾಲಿಗೆ ತಿರುಗಿ ಬಂದ. ಮತ್ತೆ ಅಗಿದ. ಅವನ ಮುಖದಲ್ಲಿ ಏನೋ ನಡೆಯುತ್ತಿತ್ತು. ಈ ಸಲ ಅವನು ನಮ್ಮ ಯಾರ ಮುಖವನ್ನೂ ನೋಡಲಿಲ್ಲ.

"ಎರಡೂ ಬ್ಯಾರೆ ಅದಾವ," ಎಂದ. "ಏ ಮಲ್ಲೂ, ಎರಡೂ ಬ್ಯಾರೆ ಅದಾವಲೇ! ಅದು ನಾಲಗಿ ಹಿಡದು ದರದರ ಎಳೀತೈತಿ. ಇದು ಮೆತ್ತಗ ಎಳದು ಬಿಡತೈತಿ. ಇದು ನೇರಳಿಕಾಯಿ ಒಗರು, ಅದು ಅಡಿಕಿ ಒಗರು. ನನಗ ಗೊತ್ತಾಗಾಕತ್ತೈತಿ!"

ಅವನು ಆ ತೋಟದ ಒಂದು ಸಾಲನ್ನೂ ಬಿಡಲಿಲ್ಲ. ಬಾಯಿಯೆಲ್ಲ ಕಪ್ಪಾಗಿ, ಗಡ್ಡದ ಮೇಲೆ ರಸ ಇಳಿದು, ಸಾಲಿನಿಂದ ಸಾಲಿಗೆ ಓಡಾಡುತ್ತ ಒಗರನ್ನು ಅಳೆದ. ತೋಟದವರು ಮೊದಲು ನಕ್ಕರು, ಆಮೇಲೆ ಬೆರಗಾದರು, ಕೊನೆಗೆ ತಮ್ಮ ಹಣ್ಣಿನ ಬಗ್ಗೆ ಸ್ವಲ್ಪ ಚಿಂತೆ ಮಾಡಿದರು. ಮೆತ್ತಗೆ ಎಳೆದು ಬಿಡುವ ಸಾಲು ಶಿರಾಜಿನದು. ಅದರ ಮುಂದೆ ನಿಂತು ಕಾಕಾ ಕೇಳಿದ: "ಮಾಸ್ತರ, ಇದರ ವೈನಿಗೆ ಏನ್ ವಾಸನಿ ಅಂದಿದ್ದಿ?"

"ಕುಟ್ಟಿದ ಕರಿಮೆಣಸು, ಕಾಕಾ. ಹುರೀಲಾರದ್ದು."

"ಹಂಗಾರ ಇದನ್ನ ಹಚ್ಚರಿ. ನನ್ನ ಪಾಲಿಂದು ನಾ ತಿಂದು ನೋಡೇನಿ. ಉಳದದ್ದು ನಿನ್ನ ಮಾತಿನ ಮ್ಯಾಲ."

ನನ್ನ ಮಾತಿನ ಮೇಲೆ ಯಾರಾದರೂ ಏನನ್ನಾದರೂ ನೆಟ್ಟದ್ದು ಅದೇ ಮೊದಲು.

ಅರ್ಧ ತೋಟದಲ್ಲಿ ಬಳ್ಳಿ ಬದಲಾಯಿತು. ಬೆಳೆದು ಹಣ್ಣಾಗಲು ಕಾಲ ಹಿಡಿಯಿತು. ಹೋದ ಸುಗ್ಗಿಯ ಹಣ್ಣನ್ನು ಮಲ್ಲೂ ಜಿಲ್ಲೆಯ ಒಂದು ವೈನರಿಗೆ ಕೊಟ್ಟು, ವಿದ್ಯಾಳ ಮೇಲ್ವಿಚಾರಣೆಯಲ್ಲಿ ವೈನು ಮಾಡಿಸಿದ. ಅದರ ಮೊದಲ ಬಾಟಲಿ ತೆರೆಯಲು ನಿನ್ನೆ ನನ್ನನ್ನು ಕರೆದಿದ್ದರು. ಬಾಟಲಿಯ ಮೇಲಿನ ಚೀಟಿಗೆ ನಾಲ್ಕು ಸಾಲು ಬರೆಯುವ ಕೆಲಸವೂ ನನ್ನದೇ. ಮತ್ತೆ ಅದೇ ಶೆಡ್ಡು. ಹೊಸ್ತಿಲಿನ ಕಾನೂನು ಇನ್ನೂ ಸಡಿಲಾಗಿಲ್ಲ. ಕಾಕಾನ ಮೂಗೂ ತಿರುಗಿ ಬಂದಿಲ್ಲ. ಒಮ್ಮೊಮ್ಮೆ ಏನೋ ಸುಳಿದಂತಾಗುತ್ತದೆ, ಹಿಡಿಯುವಷ್ಟರಲ್ಲಿ ಹೋಗುತ್ತದೆ ಎನ್ನುತ್ತಾನೆ. ಆದರೆ ಈಗ ಅವನು ಊಟಕ್ಕೆ ಕುಳಿತರೆ ಚಿಗವ್ವ ಎದುರು ಕುಳಿತು ವಾಸನೆಯನ್ನು ಹೇಳುತ್ತಾಳೆ. "ಬಳ್ಳೊಳ್ಳಿ ಈಗ ಕೆಂಪಗಾತು. ಕರಿಬೇವು ಚಟಪಟ ಅಂತು. ಇವತ್ತ ಗುರೆಳ್ಳ ಸ್ವಲ್ಪ ಹೆಚ್ಚಾಗೇತಿ." ಕಾಕಾ ಕಿವಿಗೊಟ್ಟು ಉಣ್ಣುತ್ತಾನೆ. "ಹೆಚ್ಚಾಗೇತಿ, ಹೌದು," ಎಂದು ತಕರಾರೂ ಮಾಡುತ್ತಾನೆ.

ವೈನು ಬಗ್ಗಿಸಿದ ಮೇಲೆ ನಾನು ಮೊದಲು ಮೂಸಿದೆ. ಕರಿಮೆಣಸು ಸಿಕ್ಕಿತು, ನೇರಳೆ ಸಿಕ್ಕಿತು. ಗಂಟಲು ಸರಿಮಾಡಿಕೊಂಡು ಒಂದು ಒಳ್ಳೆಯ ವಾಕ್ಯ ಕಟ್ಟುತ್ತಿದ್ದೆ. ಕಾಕಾ ಕೈಯೆತ್ತಿ ನಿಲ್ಲಿಸಿದ. "ನೀ ತಡಿ. ಆಕಿ ಹೇಳ್ಲಿ."

ಚಿಗವ್ವ ನಾಚಿದಳು. ಲೋಟ ಹಿಡಿದು, ತಿರುಗಿಸುವುದು ಗಿರುಗಿಸುವುದು ಏನಿಲ್ಲದೆ, ಸುಮ್ಮನೆ ಮೂಗಿನ ಹತ್ತಿರ ತಂದಳು. ಇನ್ನೊಮ್ಮೆ ತಂದಳು. ಬಾಗಿಲಾಚೆ ಬಾವಿಯ ಕಡೆ ನೋಡಿದಳು.

"ನಮ್ಮ ಮದಿವ್ಯಾದ ವರ್ಷ ನೀವು ಆ ಬಾವಿ ತೋಡಸಾಕತ್ತಿದ್ರಲ್ಲ. ಸಂಜಿಮುಂದ ಬಂದು ಅಂಗಿ ಬಿಚ್ಚಿ ಗೂಟಕ್ಕ ಹಾಕತಿದ್ರಿ. ಹಸಿಮಣ್ಣು, ಬೆವರು, ಮತ್ತ ಕಿಸೆದಾಗ ಕರಗ್ಯಾಡಿದ ಬೆಲ್ಲ. ಆ ಅಂಗಿ ಹಂಗ ಐತಿ."

ಕಾಕಾನ ಕಣ್ಣು ಅವಳ ಮೇಲೆಯೇ ಇತ್ತು.

"ಅಂದ್ರ ಛಲೋ ಅಂತೀಯೋ, ಕೆಟ್ಟ ಅಂತೀಯೋ?"

"ಆವಾಗ ಹೇಳಿಲ್ಲ," ಎಂದಳು ಚಿಗವ್ವ, ಲೋಟ ಕೆಳಗಿಡುತ್ತ. "ಈಗ್ಯಾಕ ಹೇಳ್ಲಿ?"

ದಸ್ತಗೀರ ಕಾಕಾ ನನ್ನ ಕಡೆ ಬಾಗಿ, "ಬಾಟ್ಲಿ ಮ್ಯಾಲ ಇದನ್ನ ಬರೀತೀಯೇನು ಮಾಸ್ತರ?" ಎಂದು ಪಿಸುಗುಟ್ಟಿದರು. ನಾನು ಪೆನ್ನಿನ ಟೋಪಿ ಹಾಕಿದೆ. ಆ ಚೀಟಿ ಇನ್ನೂ ಖಾಲಿಯೇ ಇದೆ.

ಇವತ್ತು ಚಹಾದಂಗಡಿಯಿಂದ ಮನೆಗೆ ಬಂದವನು ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಅವಳು ಬಳ್ಳೊಳ್ಳಿ ಸುಲಿಯುತ್ತ ಕೇಳಿದಳು. ನಡುವೆ ಒಮ್ಮೆಯೂ ನನ್ನನ್ನು ಛೇಡಿಸಲಿಲ್ಲ. ಇದೇ ನನಗೆ ಅನುಮಾನ ತರಬೇಕಿತ್ತು. ಮುಗಿದ ಮೇಲೆ ನಾನೇ ಧೈರ್ಯ ಮಾಡಿ ಕೇಳಿದೆ: "ಹಂಗಾರ ನನ್ನ ಅಂಗಿ ಏನ್ ವಾಸನಿ ಬರ್ತೈತಿ?"

ಅವಳು ಕೈ ಒರೆಸಿಕೊಂಡು ಎದ್ದು ಬಂದಳು. ನನ್ನ ಕಾಲರು ಹಿಡಿದು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡಳು. ಮೇಜಿನ ಮೇಲಿನ ಬಾಟಲಿಯಂತೆ ನಾನು ಅಲುಗಾಡದೆ ನಿಂತೆ.

"ಚಾಕ್‌ಪೀಸ್ ಪುಡಿ," ಎಂದಳು.

"ಏನ್ ಹೇಳ್ತೀಯ? ನಾ ರಿಟೈರ್ ಆಗಿ ಎಷ್ಟ ವರ್ಷಾತು!"

"ನೀವ್ ಆಗೀರಿ," ಎಂದು ಅವಳು ತಿರುಗಿ ಬಳ್ಳೊಳ್ಳಿಯ ಮುಂದೆ ಕುಳಿತಳು. "ನನ್ನ ಮೂಗ ಆಗಿಲ್ಲ."